ಜೋಳಕ್ಕೊಂದು ಬೇರೆ ಕಲ್ಲು: ಧಾರವಾಡದ ಹಿಟ್ಟಿನ ಗಿರಣಿಯೊಂದರ ವಿಮರ್ಶೆ

ಧಾರವಾಡದ ಹೊಸಯಲ್ಲಾಪುರದ ಒಳ ಓಣಿಯಲ್ಲಿರುವ ಈ ಗಿರಣಿಗೆ ಹೆಸರಿನ ಫಲಕವಿಲ್ಲ. ಎಲ್ಲ ತರಹದ ಕಾಳು ಬೀಸಿ ಕೊಡಲಾಗುವುದು ಎಂದು ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದಾರೆ, ಅಷ್ಟೆ. ಹೊರಗೆ ನಿಂತು ನೋಡಿದರೆ ಊರಿನ ಉಳಿದ ಗಿರಣಿಗಳಿಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಅದೇ ಪಟ್ಟಿಯ ಸದ್ದು, ಅದೇ ಬಿಳಿ ಧೂಳು ಹಿಡಿದ ಬಲ್ಬು, ಸಾಲಿಗಿಟ್ಟ ಡಬ್ಬಿಗಳು, ಅವುಗಳ ಪಕ್ಕದಲ್ಲಿ ಮಾತಿಗೆ ಕುಳಿತ ಹೆಂಗಸರು. ಆದರೂ ಗೋಧಿ ಒಗ್ಗದ ನಾನು ಮನೆಯ ಪಕ್ಕದ ಗಿರಣಿಯನ್ನು ಬಿಟ್ಟು, ದೂರವೆಂದು ಲೆಕ್ಕಿಸದೆ ಇಲ್ಲಿಗೇ ಜೋಳ ಒಯ್ಯುತ್ತಿರುವುದಕ್ಕೆ ಒಂದೇ ಕಾರಣವಿದೆ: ಇಲ್ಲಿ ಜೋಳದ ಕಲ್ಲಿಗೆ ಗೋಧಿಯನ್ನು ಮುಟ್ಟಿಸುವುದಿಲ್ಲ. ಹಬ್ಬದ ವಾರಗಳಲ್ಲಿ ಈ ನಿಯಮ ಸಡಿಲವಾಗುತ್ತದೆ ಎಂಬುದನ್ನು ಮುಂದೆ ಬರೆಯುತ್ತೇನೆ. ಉಳಿದ ದಿನಗಳಲ್ಲಿ ಮಾತ್ರ ಅದು ನಿಷ್ಠೆಯಿಂದ ನಡೆದುಕೊಂಡು ಬಂದಿದೆ.

ಗೋಧಿಯ ಅಲರ್ಜಿ ಎಂದರೆ ನಮ್ಮ ಕಡೆ ಹೆಚ್ಚಿನವರು ಅದನ್ನು ಮಕ್ಕಳ ತೊಂದರೆ ಎಂದುಕೊಳ್ಳುತ್ತಾರೆ. ಮಕ್ಕಳಲ್ಲಿ ಕಾಣಿಸಿಕೊಳ್ಳುವ ಅಲರ್ಜಿ ಬಹುಮಟ್ಟಿಗೆ ಬೆಳೆಯುತ್ತ ಹೋದಂತೆ ತಾನಾಗಿ ಕಡಿಮೆಯಾಗುವುದೂ ಉಂಟು. ಆದರೆ ವರ್ಷಗಟ್ಟಲೆ ಚಪಾತಿ, ಹೋಳಿಗೆ, ಗೋಧಿ ಹುಗ್ಗಿ ಎಲ್ಲವನ್ನೂ ಉಂಡು ಅರಗಿಸಿಕೊಂಡವರಿಗೂ ನಡುವಯಸ್ಸಿನಲ್ಲಿ ಅದು ಹೊಸದಾಗಿ ಬರಬಹುದು, ಮತ್ತು ಹಾಗೆ ಬಂದದ್ದು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯು ಗೋಧಿಯ ಪ್ರೋಟೀನನ್ನು ಶತ್ರುವೆಂದು ಭಾವಿಸಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಕೊಂಡಿರುತ್ತದೆ. ಮುಂದೆ ಗೋಧಿ ಹೊಟ್ಟೆಗೆ ಹೋದಾಗ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳ ಒಳಗೆ ಮೈಮೇಲೆ ದದ್ದು ಏಳುವುದು, ತುಟಿ ಮತ್ತು ಕಣ್ಣಿನ ರೆಪ್ಪೆ ಬಾಯುವುದು, ವಾಂತಿ, ಉಬ್ಬಸ, ತೀವ್ರವಾದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗುವುದು ಇವೆಲ್ಲ ಸಾಧ್ಯ. ವಯಸ್ಕರಲ್ಲಿ ಮಾತ್ರ ಹೆಚ್ಚಾಗಿ ಕಾಣುವ ಇನ್ನೊಂದು ವಿಚಿತ್ರ ಬಗೆಯೂ ಇದೆ. ಗೋಧಿ ಉಂಡು ಸುಮ್ಮನೆ ಕುಳಿತರೆ ಏನೂ ಆಗದ ವ್ಯಕ್ತಿಗೆ, ಉಂಡ ಕೆಲವು ಗಂಟೆಗಳೊಳಗೆ ಓಡಿದರೆ, ಬಿರುಸಾಗಿ ನಡೆದರೆ ಅಥವಾ ಹೊಲದಲ್ಲಿ ದುಡಿದರೆ ಆಘಾತವಾಗುತ್ತದೆ. ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನು ಇದರ ಮುಖ್ಯ ಕಾರಣವೆಂದು ಗೊತ್ತಾಗಿದೆ. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಮತ್ತು ಮದ್ಯ ಕೂಡ ಇದನ್ನು ಕೆರಳಿಸುತ್ತವೆ. ಮುಂಜಾನೆ ಚಪಾತಿ ಕಟ್ಟಿಕೊಂಡು ಹೊಲಕ್ಕೆ ಹೋಗುವವರ ನಾಡಿನಲ್ಲಿ ಇಂಥವರ ಕಾಯಿಲೆಗೆ ಬಿಸಿಲು, ಪಿತ್ತ, ಹುಳ ಕಡಿತ ಎಂದು ಬೇರೆ ಬೇರೆ ಹೆಸರು ಬೀಳುವ ಸಂಭವ ಹೆಚ್ಚು.

ನನ್ನದು ಈ ಎರಡನೆಯ ಬಗೆಯಲ್ಲ, ನೇರವಾದ ಅಲರ್ಜಿ. ಚರ್ಮದ ಚುಚ್ಚು ಪರೀಕ್ಷೆ ಮತ್ತು ರಕ್ತದ ಪರೀಕ್ಷೆ ಎರಡನ್ನೂ ಮಾಡಿಸಿ, ಅವುಗಳ ಜೊತೆಗೆ ಏನು ತಿಂದಾಗ ಏನಾಯಿತು ಎಂಬ ಪೂರ್ಣ ವೃತ್ತಾಂತವನ್ನು ಕೇಳಿಕೊಂಡ ಮೇಲೆ ವೈದ್ಯರು ಹೇಳಿದ್ದು. ಈ ವಿವರ ಗಿರಣಿಯ ವಿಮರ್ಶೆಗೆ ಏಕೆ ಬೇಕು ಎಂದರೆ, ಗೋಧಿ ಬಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಿಟ್ಟವರಲ್ಲ. ಸೀಲಿಯಾಕ್ ರೋಗ ಅಲರ್ಜಿಯಲ್ಲ. ಅಲ್ಲಿ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನಾದ ಗ್ಲುಟೆನ್‌ನಿಂದಾಗಿ ದೇಹವು ತನ್ನದೇ ಸಣ್ಣ ಕರುಳನ್ನು ಹಾಳು ಮಾಡಿಕೊಳ್ಳುತ್ತದೆ. ಅಂಥವರು ಗೋಧಿಯ ಜೊತೆಗೆ ಬಾರ್ಲಿ ಮತ್ತು ರೈ ಎಂಬ ಧಾನ್ಯವನ್ನೂ ಜೀವನಪರ್ಯಂತ ಬಿಡಬೇಕು, ಮತ್ತು ಮೇಲೆ ಯಾವ ಲಕ್ಷಣ ಕಾಣದಿದ್ದರೂ ಒಳಗೆ ಹಾನಿ ನಡೆದೇ ಇರಬಹುದು. ಇನ್ನು ಕೆಲವರಿಗೆ ಎರಡೂ ಇರುವುದಿಲ್ಲ, ಗೋಧಿ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಅಷ್ಟೆ. ಈ ಮೂರನೆಯವರಿಗೆ ಧಾರವಾಡದ ಯಾವ ಗಿರಣಿಯಾದರೂ ಸಾಕು. ಮೊದಲಿನ ಇಬ್ಬರಿಗೆ ಸಾಲದು.

ಜೋಳದ ನಾಡಿನಲ್ಲಿದ್ದುಕೊಂಡು ಗೋಧಿಯ ಚಿಂತೆ ಏಕೆ ಎಂದು ಕೇಳುವವರು ಬಹಳ. ಜೋಳದಲ್ಲಿ ಗೋಧಿಯ ಗ್ಲುಟೆನ್ ಇಲ್ಲ ಎಂಬುದು ನಿಜ, ಮತ್ತು ಚೀಲದಿಂದ ತಂದು, ಮನೆಯಲ್ಲಿ ಮೊರದಿಂದ ಕೇರಿ ಹಸನು ಮಾಡಿದ ಬಿಳಿಜೋಳದ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಚೀಲದಲ್ಲಿ ಅಲ್ಲೊಂದು ಇಲ್ಲೊಂದು ಗೋಧಿಯ ಕಾಳು ಸೇರಿದ್ದರೂ ಕಣ್ಣಿಗೆ ಕಾಣುತ್ತದೆ, ಆರಿಸಿ ತೆಗೆಯಬಹುದು. ತೊಂದರೆ ಶುರುವಾಗುವುದು ಕಾಳು ಹಿಟ್ಟಾಗುವ ಜಾಗದಲ್ಲಿ. ಬೀಸುವ ಎರಡು ಕಲ್ಲುಗಳ ಸುತ್ತ ಕಬ್ಬಿಣದ ಕವಚವಿರುತ್ತದೆ. ಆ ಕವಚದ ಅಂಚಿನಲ್ಲಿ, ಕಲ್ಲಿಗೆ ಉಳಿ ಹೊಡೆದು ಮಾಡಿದ ಗೀರುಗಳಲ್ಲಿ, ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆಯ ತೋಳಿನಲ್ಲಿ ಹಿಂದಿನವರ ಹಿಟ್ಟು ಉಳಿದೇ ಇರುತ್ತದೆ. ಬಟ್ಟೆಯನ್ನು ನಾಲ್ಕು ಸಲ ಬಡಿದರೆ ನಾಲ್ಕು ಸಲವೂ ಹಿಟ್ಟು ಉದುರುತ್ತದೆ. ಗಿರಣಿಗೆ ಹೋದವರಿಗೆಲ್ಲ ಇದು ಗೊತ್ತಿದೆ. ಮುಂಚೆ ಏನು ಬೀಸಿದ್ದಾರೆ ಎಂದು ಕೇಳಿಯೇ ಡಬ್ಬಿ ಕೊಡುವುದು ನಮ್ಮ ಹೆಂಗಸರ ಹಳೆಯ ರೂಢಿ. ಕಡಲೆಬೇಳೆಯ ಮೇಲೆ ಜೋಳ ಬೀಸಿದರೆ ರೊಟ್ಟಿಯ ರುಚಿ ಕೆಡುತ್ತದೆಂದು ಕಾಯ್ದು ಕುಳಿತವರೂ ಇದ್ದಾರೆ. ಗೋಧಿಯ ಮೇಲೆ ಜೋಳ ಬಿದ್ದರೆ ಮಾತ್ರ ಯಾರೂ ಕೇಳುವುದಿಲ್ಲ, ಏಕೆಂದರೆ ರುಚಿ ಕೆಡುವುದಿಲ್ಲ, ರೊಟ್ಟಿ ಇನ್ನಷ್ಟು ಮೆತ್ತಗಾದರೂ ಆದೀತು.

ಉಳಿಯುವ ಈ ಹಿಟ್ಟು ಎಷ್ಟು ಮಹಾ ಎಂಬ ಪ್ರಶ್ನೆಗೆ ಒಂದು ಲೆಕ್ಕ ಹಾಕಿ ನೋಡಬಹುದು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಮುಕ್ತ ಎಂದು ಹೇಳಿಕೊಳ್ಳುವ ಆಹಾರದಲ್ಲಿ ಒಂದು ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಗೋಧಿಯ ಹಿಟ್ಟಿನಲ್ಲಿ ಸ್ಥೂಲವಾಗಿ ಹತ್ತನೆಯ ಒಂದು ಪಾಲು ಗ್ಲುಟೆನ್ ಇರುತ್ತದೆಂದು ಹಿಡಿದರೆ, ಒಂದು ಗ್ರಾಂ ಹಿಟ್ಟಿನಲ್ಲಿ ಸುಮಾರು 100 ಮಿಲಿಗ್ರಾಂ. ಅಂದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಒಂದೇ ಗ್ರಾಂ, ಎರಡು ಬೆರಳಿನ ಚಿಟಿಕೆಗಿಂತ ತುಸು ಹೆಚ್ಚು ಗೋಧಿ ಹಿಟ್ಟು ಸೇರಿದರೂ ಮಿತಿಯ ಐದು ಪಟ್ಟು ಆಯಿತು. ಕಲ್ಲು ಮತ್ತು ಬಟ್ಟೆಯಲ್ಲಿ ಒಂದು ಸಣ್ಣ ಹಿಡಿಯಷ್ಟು, ಎಂದರೆ 50 ಗ್ರಾಂ ಹಿಟ್ಟು ಉಳಿದಿತ್ತೆಂದುಕೊಳ್ಳಿ. ಅದರ ಮೇಲೆ ಬೀಸಿದ ಐದು ಕಿಲೋ ಜೋಳದ ಡಬ್ಬಿಯಲ್ಲಿ ಅದು ಕಿಲೋಗೆ 1000 ಮಿಲಿಗ್ರಾಂ ಆಗುತ್ತದೆ, ಮಿತಿಯ ಐವತ್ತು ಪಟ್ಟು. ಈ 20 ಮಿಲಿಗ್ರಾಮಿನ ಗೆರೆಯನ್ನು ಎಳೆದಿರುವುದು ಸೀಲಿಯಾಕ್ ರೋಗಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಅಲರ್ಜಿಯವರಿಗಾಗಿ ಅಲ್ಲ. ಅಲರ್ಜಿಯಲ್ಲಿ ಒಬ್ಬೊಬ್ಬರ ತಾಳಿಕೆ ಒಂದೊಂದು ತೆರನಾದುದರಿಂದ ಕೆಲವರಿಗೆ ಇಷ್ಟರಿಂದ ಏನೂ ಆಗದಿರಬಹುದು, ಕೆಲವರಿಗೆ ಇದೇ ಸಾಕು. ಮೊದಲು ಹೋಗುತ್ತಿದ್ದ ಗಿರಣಿಯ ಹಿಟ್ಟಿನ ರೊಟ್ಟಿ ಉಂಡ ದಿನಗಳಲ್ಲಿ ನನಗೆ ಕುತ್ತಿಗೆ ಮತ್ತು ತೋಳುಗಳ ಮೇಲೆ ದದ್ದು ಏಳುತ್ತಿತ್ತು. ಅಲ್ಲಿ ಇದ್ದದ್ದು ಒಂದೇ ಕಲ್ಲು.

ಹೊಸಯಲ್ಲಾಪುರದ ಈ ಗಿರಣಿಯಲ್ಲಿ ಮೂರು ಯಂತ್ರಗಳಿವೆ. ಖಾರ ಕುಟ್ಟುವುದು ಹಿಂದಿನ ಕೋಣೆಯಲ್ಲಿ. ಅದರ ಮಾತು ಇಲ್ಲಿ ಬೇಡ. ಮುಂದಿನ ಪಡಸಾಲೆಯಲ್ಲಿ ಬಾಗಿಲಿನ ಬದಿಗೆ ಜೋಳದ ಕಲ್ಲು, ಒಳಗೋಡೆಯ ಬದಿಗೆ ಗೋಧಿಯ ಕಲ್ಲು. ಜೋಳದ ಕಲ್ಲಿನಲ್ಲಿ ಜೋಳ, ಸಜ್ಜೆ, ಅಕ್ಕಿ, ರಾಗಿ ಇಷ್ಟನ್ನು ಮಾತ್ರ ಬೀಸುತ್ತಾರೆ. ಬೇಳೆಗಳನ್ನೂ ರವೆಯನ್ನೂ ಗೋಧಿಯ ಕಲ್ಲಿಗೆ ಕಳಿಸುತ್ತಾರೆ. ಎರಡಕ್ಕೂ ಬಟ್ಟೆಯ ತೋಳು ಬೇರೆ, ಹಿಟ್ಟು ಗುಡಿಸುವ ಬ್ರಷ್ ಬೇರೆ. ಇದನ್ನು ಅಲರ್ಜಿಯವರಿಗಾಗಿ ಮಾಡಿದ್ದಲ್ಲ. ನಮ್ಮಂಥ ಗಿರಾಕಿಗಳಿದ್ದಾರೆಂದು ಗಿರಣಿಯವರಿಗೆ ಗೊತ್ತಾದದ್ದೇ ಈಚೆಗೆ. ಜೋಳಕ್ಕೆ ಬೇಕಾದ ನುಣುಪು ಒಂದು, ಗೋಧಿಗೆ ಬೇಕಾದ ನುಣುಪು ಇನ್ನೊಂದು. ಪದೇ ಪದೇ ಕಲ್ಲು ಬಿಗಿ ಮಾಡುವುದು, ಸಡಿಲಿಸುವುದು ಬೇಡವೆಂದು ಹಿಂದಿನ ತಲೆಮಾರಿನವರು ಬೇರೆ ಮಾಡಿದರಂತೆ. ವ್ಯಾಪಾರದ ಅನುಕೂಲಕ್ಕೆ ಹುಟ್ಟಿದ ಪದ್ಧತಿಯಾದ್ದರಿಂದಲೇ ಇದು ಉಳಿದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ. ಗಿರಾಕಿಯ ಮೇಲಿನ ದಯೆಯಿಂದ ಶುರುವಾಗಿದ್ದರೆ ಅವಸರದ ದಿನಗಳಲ್ಲಿ ಮೊದಲು ಬಿಟ್ಟುಹೋಗುತ್ತಿದ್ದದ್ದು ಅದೇ.

ಇಲ್ಲಿನ ಹಿಟ್ಟಿನ ಗುಣದ ಬಗ್ಗೆಯೂ ಹೇಳಬೇಕು, ಏಕೆಂದರೆ ಸುರಕ್ಷಿತವಾದ ಹಿಟ್ಟಿನಿಂದ ರೊಟ್ಟಿಯೇ ಆಗದಿದ್ದರೆ ಏನು ಪ್ರಯೋಜನ. ಗೋಧಿಯ ಕಣಕವನ್ನು ಎಳೆದರೆ ಎಳೆಯಾಗಿ ಬರುವುದು ಗ್ಲುಟೆನ್‌ನ ಬಲದಿಂದ. ಆ ಬಲ ಜೋಳಕ್ಕಿಲ್ಲ. ಆದ್ದರಿಂದಲೇ ನಾವು ಕುದಿಯುವ ಎಸರು ಹೊಯ್ದು, ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ, ಅದರ ಜಿಗಿಯಿಂದ ರೊಟ್ಟಿಯನ್ನು ಕೂಡಿಸಿಕೊಂಡು ಬಡಿಯುತ್ತೇವೆ. ಈ ಜಿಗಿ ಹಿಟ್ಟು ಹೊಸದಿದ್ದಷ್ಟೂ ಹೆಚ್ಚು, ನುಣ್ಣಗಿದ್ದಷ್ಟೂ ಹೆಚ್ಚು. ಹಿಟ್ಟು ಹಳತಾದರೆ ರೊಟ್ಟಿ ಬಡಿಯುವಾಗಲೇ ಅಂಚು ಹರಿಯುತ್ತದೆ. ಮಾಲದಂಡಿ ಎಂದು ಕರೆಯುವ ಎಂ 35-1 ತಳಿಯ ಹಿಂಗಾರಿ ಜೋಳವನ್ನು ಇಲ್ಲಿ ಬೀಸಿಸಿದಾಗ ಹಿಟ್ಟು ಬೆರಳಿಗೆ ರೇಷ್ಮೆಯಂತೆ ಹತ್ತುತ್ತದೆ, ರೊಟ್ಟಿ ಹೆಂಚಿನ ಮೇಲೆ ತುಂಬ ಉಬ್ಬುತ್ತದೆ. ಕಲ್ಲು ಬಿಸಿಯಾದಾಗ ನಿಲ್ಲಿಸಿ ಬೀಸುವ ತಾಳ್ಮೆ ಇವರಿಗಿದೆ. ಬಿಸಿ ಹಿಟ್ಟನ್ನು ಡಬ್ಬಿಗೆ ತುಂಬಿ ಮುಚ್ಚಬೇಡಿ ಎಂದು ಕೇಳದೆಯೇ ಹೇಳುತ್ತಾರೆ. ಇದರಲ್ಲಿ ಊರಿನ ಒಳ್ಳೆಯ ಗಿರಣಿಗಳ ಸಾಲಿನಲ್ಲಿ ಇದನ್ನು ಧಾರಾಳವಾಗಿ ಇಡಬಹುದು.

ಹಿಟ್ಟು ಹೊಸದಿರಬೇಕೆಂಬ ಈ ಕಾರಣಕ್ಕೇ ಅಂಗಡಿಯ ಜೋಳದ ಹಿಟ್ಟಿನ ಪೊಟ್ಟಣ ನನಗೆ ಪರ್ಯಾಯವಾಗಿ ಒದಗಲಿಲ್ಲ. ಪೊಟ್ಟಣಕ್ಕೆ ಒಂದು ಅನುಕೂಲವಿದೆ: 2020ರ ಲೇಬಲಿಂಗ್ ನಿಯಮಗಳಂತೆ ಪೊಟ್ಟಣದ ಆಹಾರದಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್‌ನಂಥ ಧಾನ್ಯಗಳು ಇದ್ದರೆ ಅದನ್ನು ಅಲರ್ಜಿಕಾರಕವೆಂದು ಮೇಲೆ ಕಾಣುವಂತೆ ಬರೆಯಲೇಬೇಕು. ಗಿರಣಿಯ ಬಿಡಿ ಹಿಟ್ಟಿಗೆ ಅಂಥ ಯಾವ ಚೀಟಿಯೂ ಇಲ್ಲ, ಕಣ್ಣು ಮತ್ತು ನಂಬಿಕೆಯೇ ಚೀಟಿ. ಗ್ಲುಟೆನ್ ಮುಕ್ತ ಎಂದು ಪರೀಕ್ಷಿಸಿದ ಪೊಟ್ಟಣ ಸಿಕ್ಕರೆ ಸೀಲಿಯಾಕ್ ರೋಗಿಗಳು ಅದನ್ನೇ ಕೊಳ್ಳುವುದು ಸರಿ, ರೊಟ್ಟಿ ತುಸು ಹರಿದರೂ ಚಿಂತೆಯಿಲ್ಲ. ಮನೆಯಲ್ಲೇ ಇಟ್ಟುಕೊಳ್ಳುವ ಸಣ್ಣ ವಿದ್ಯುತ್ ಗಿರಣಿ ಎಲ್ಲಕ್ಕಿಂತ ಸುರಕ್ಷಿತ, ಆದರೆ ಅದರ ಬೆಲೆ ಎಲ್ಲರ ಕೈಗೆ ಎಟಕುವಂಥದ್ದಲ್ಲ. ಮನೆಯ ಉಳಿದವರು ಅದರಲ್ಲಿ ಗೋಧಿ ಬೀಸದಂತೆ ಕಾಯುವುದು ಇನ್ನೊಂದು ಕೆಲಸ.

ಹುಬ್ಬಳ್ಳಿ-ಧಾರವಾಡದ ರೊಟ್ಟಿ ಕೇಂದ್ರಗಳಿಂದಲೂ ಖಾನಾವಳಿಗಳಿಂದಲೂ ರೊಟ್ಟಿ ತರಬಹುದಲ್ಲ ಎಂದು ಸಲಹೆ ಕೊಟ್ಟವರಿದ್ದಾರೆ. ಕಡಕ್ ರೊಟ್ಟಿಯ ಕಟ್ಟು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ, ನಿಜ. ಆದರೆ ಒಂದೇ ಮಣೆಯ ಮೇಲೆ ಚಪಾತಿ ಲಟ್ಟಿಸಿ ಅದೇ ಮಣೆಯಲ್ಲಿ ರೊಟ್ಟಿ ಬಡಿಯುವುದು, ಒಂದೇ ಹೆಂಚಿನಲ್ಲಿ ಎರಡನ್ನೂ ಬೇಯಿಸುವುದು, ರೊಟ್ಟಿ ಹರಿಯಬಾರದೆಂದು ಜೋಳದ ಹಿಟ್ಟಿಗೆ ಒಂದಿಷ್ಟು ಗೋಧಿಯ ಹಿಟ್ಟು ಕೂಡಿಸುವುದು ಕೆಲವೆಡೆ ನಡೆಯುತ್ತದೆ, ಮತ್ತು ಅದನ್ನು ಯಾರೂ ಮೋಸವೆಂದು ಭಾವಿಸುವುದಿಲ್ಲ. ಖಾನಾವಳಿಯ ಊಟದಲ್ಲಿ ಇನ್ನೊಂದು ಅಡಗಿದ ದಾರಿಯೂ ಇದೆ: ಒಗ್ಗರಣೆಗೆ ಬಳಸುವ ಪುಡಿ ಇಂಗು. ಶುದ್ಧ ಇಂಗು ತೀರ ಗಾಢವಾದುದರಿಂದ ಅದನ್ನು ಅಂಟು ಮತ್ತು ಹಿಟ್ಟಿನೊಂದಿಗೆ ಬೆರೆಸಿ ಮಾರುತ್ತಾರೆ, ಬಹಳಷ್ಟು ಡಬ್ಬಿಗಳಲ್ಲಿ ಆ ಹಿಟ್ಟು ಗೋಧಿಯದೇ ಆಗಿರುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ಮಾದಲಿಯಂಥ ತಿನಿಸಿನ ವಿಷಯದಲ್ಲಿ ಹೆಸರನ್ನು ನಂಬುವಂತೆಯೇ ಇಲ್ಲ, ಗೋಧಿಯಿಂದಲೂ ಮಾಡುತ್ತಾರೆ, ಜೋಳದಿಂದಲೂ ಮಾಡುತ್ತಾರೆ.

ಇನ್ನು ಗಿರಣಿಯ ಕೊರತೆಗಳು. ಮೊದಲನೆಯದು ಧೂಳು. ಎರಡು ಕಲ್ಲುಗಳ ನಡುವೆ ಐದಾರು ಹೆಜ್ಜೆಗಳ ಅಂತರ ಮಾತ್ರ ಇದೆ, ಗೋಡೆಯಾಗಲಿ ಪರದೆಯಾಗಲಿ ಇಲ್ಲ. ಗೋಧಿಯ ಕಲ್ಲು ತಿರುಗುತ್ತಿರುವಾಗ ಏಳುವ ಧೂಳು ಜೋಳದ ಕಲ್ಲಿನ ಮೇಲೂ ಸಾಲಿನಲ್ಲಿಟ್ಟ ತೆರೆದ ಡಬ್ಬಿಗಳ ಮೇಲೂ ಕೂರುತ್ತದೆ. ಗೋಧಿಯ ಹಿಟ್ಟಿನ ಧೂಳು ಉಸಿರಿನೊಂದಿಗೆ ಒಳಗೆ ಹೋಗಿಯೂ ಅಲರ್ಜಿ ಉಂಟುಮಾಡಬಲ್ಲದು. ಬೇಕರಿ ಮತ್ತು ಗಿರಣಿಗಳಲ್ಲಿ ದುಡಿಯುವವರಿಗೆ ಬರುವ ಉಬ್ಬಸಕ್ಕೆ ಇದು ಬಹಳ ಕಾಲದಿಂದ ಗೊತ್ತಿರುವ ಕಾರಣ. ಅಂಥ ಉಬ್ಬಸವಿರುವವರು ತಾವೇ ಗಿರಣಿಯೊಳಗೆ ನಿಲ್ಲದೆ ಬೇರೆ ಯಾರನ್ನಾದರೂ ಕಳಿಸಬೇಕು. ಗಿರಣಿಯ ಹುಡುಗ ಮೂಗಿಗೆ ಏನನ್ನೂ ಕಟ್ಟಿಕೊಳ್ಳದೆ ದಿನವಿಡೀ ಆ ಧೂಳಿನಲ್ಲಿ ನಿಂತಿರುವುದು ನನಗೆ ಪ್ರತಿ ಸಲವೂ ಕಸಿವಿಸಿಯಾಗುವ ಸಂಗತಿ.

ಎರಡನೆಯ ಕೊರತೆ ತೂಕದ ತಕ್ಕಡಿ. ಕಲ್ಲು, ಬಟ್ಟೆ, ಬ್ರಷ್ ಎಲ್ಲವನ್ನೂ ಬೇರೆ ಮಾಡಿದವರು ತಕ್ಕಡಿಯ ತಟ್ಟೆಯನ್ನೂ ಹಿಟ್ಟು ಎತ್ತುವ ಮೊಗೆಯನ್ನೂ ಒಂದೇ ಇಟ್ಟುಕೊಂಡಿದ್ದಾರೆ. ಡಬ್ಬಿಯ ಸಮೇತ ತೂಗಿಸಿ, ಅದರಲ್ಲಿಯೇ ನೇರವಾಗಿ ಹಿಟ್ಟು ಬೀಳಿಸಿಕೊಂಡರೆ ಇದನ್ನು ತಪ್ಪಿಸಬಹುದು, ಕೇಳಿದರೆ ಬೇಸರವಿಲ್ಲದೆ ಮಾಡಿಕೊಡುತ್ತಾರೆ. ಕೇಳದಿದ್ದರೆ ಮಾಡುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಹಬ್ಬ. ನಾಗರಪಂಚಮಿಗೆ ತಂಬಿಟ್ಟಿಗೆಂದು ಹುರಿದ ಗೋಧಿ, ಯುಗಾದಿ ಮತ್ತು ದೀಪಾವಳಿಗೆ ಹೋಳಿಗೆಯ ಹಿಟ್ಟು, ಬೇಸಿಗೆಯಲ್ಲಿ ಶಾವಿಗೆಯ ಗೋಧಿ ಬಂದು ಬಿದ್ದಾಗ ಗೋಧಿಯ ಕಲ್ಲೊಂದರಿಂದ ಸುಧಾರಿಸುವುದಿಲ್ಲ. ಆ ವಾರಗಳಲ್ಲಿ ಜೋಳದ ಕಲ್ಲಿಗೂ ಗೋಧಿ ಹಾಕುತ್ತಾರೆ. ಇದನ್ನು ಮುಚ್ಚಿಡುವುದಿಲ್ಲ, ಕೇಳಿದವರಿಗೆ ಹೌದು ಎನ್ನುತ್ತಾರೆ. ಆದರೆ ಬಾಗಿಲಿಗೆ ಒಂದು ಹಲಗೆ ತೂಗುಹಾಕಿ ಇಂದು ಜೋಳದ ಕಲ್ಲಿನಲ್ಲಿ ಗೋಧಿ ಬೀಸಲಾಗಿದೆ ಎಂದು ಬರೆಯುವಷ್ಟು ಇನ್ನೂ ಆಗಿಲ್ಲ. ಹಬ್ಬ ಮುಗಿದ ಮೇಲೆ ಕವಚ ಬಿಚ್ಚಿ, ಕಲ್ಲು ಗುಡಿಸಿ, ಬಟ್ಟೆಯ ತೋಳನ್ನು ಒಗೆಯುತ್ತಾರೆ, ಅನಂತರ ಮೊದಲು ಬಂದ ಒಂದಿಷ್ಟು ಜೋಳದ ಹಿಟ್ಟನ್ನು ದನಗಳಿಗೆ ತೆಗೆದಿಡುತ್ತಾರೆ. ಸಾಮಾನ್ಯ ಗಿರಾಕಿಗಳಿಗೆ ಇದು ಸಾಕಾದರೂ ನಾನು ಅಂಥ ವಾರಗಳ ಬಳಿಕ ಇನ್ನಷ್ಟು ದಿನ ತಡೆದು ಹೋಗುತ್ತೇನೆ.

ಗಿರಣಿಯವರ ಮಾತಿನಲ್ಲಿ ತಿದ್ದಬೇಕಾದದ್ದೂ ಒಂದಿದೆ. ಗೋಧಿ ಒಗ್ಗದಿದ್ದರೆ ಜವೆಗೋಧಿ ತಿನ್ನಿ, ಅದು ಹಳೆಯ ಕಾಲದ ಗೋಧಿ, ಏನೂ ಆಗುವುದಿಲ್ಲ ಎಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಊರಿನಲ್ಲಿ ಬಹಳ ಜನ ಹೀಗೆಯೇ ನಂಬಿದ್ದಾರೆ. ಈ ಗೋಧಿ ನಮ್ಮ ಕಪ್ಪು ಮಣ್ಣಿನ ಹೆಮ್ಮೆಯ ಬೆಳೆ, ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರಲ್ಲಿ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ತಳಿಗಳನ್ನು ಹೊರತಂದಿದೆ, ಹುಗ್ಗಿಗೂ ಶಾವಿಗೆಗೂ ಅದಕ್ಕೆ ಸಮನಾದದ್ದಿಲ್ಲ ಎಂಬುದೆಲ್ಲ ನಿಜ. ಆದರೆ ಅದೂ ಗೋಧಿಯೇ. ಅದರಲ್ಲಿಯೂ ಗ್ಲಯಾಡಿನ್ ಇದೆ, ಗ್ಲುಟೆನ್ ಇದೆ. ರವೆ, ಮೈದಾ, ಸಜ್ಜಕದ ಗೋಧಿ ನುಚ್ಚು ಹೇಗೆ ವರ್ಜ್ಯವೋ ಜವೆಗೋಧಿಯೂ ಹಾಗೆಯೇ ವರ್ಜ್ಯ. ಜಾತ್ರೆಯ ಗೋಧಿ ಹುಗ್ಗಿಯ ಪ್ರಸಾದವನ್ನು ಬೇಡವೆನ್ನಲು ಸಂಕೋಚಪಡುವವರಿಗೆ ಈ ಜವೆಗೋಧಿಯ ಸಮಾಧಾನ ಅಪಾಯಕಾರಿಯಾದ ನೆಪವಾಗುತ್ತದೆ.

ದರ ಕಿಲೋಗೆ ಪಕ್ಕದ ಓಣಿಯ ಗಿರಣಿಗಿಂತ ಒಂದು ರೂಪಾಯಿ ಹೆಚ್ಚು. ಅದು ನನಗೆ ಹೊರೆಯಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಒಳ್ಳೆಯದು, ಆಗ ಗೋಧಿಯ ಕಲ್ಲು ಇನ್ನೂ ತಿರುಗಿರುವುದಿಲ್ಲ, ಗಾಳಿಯಲ್ಲಿ ಧೂಳು ಇರುವುದಿಲ್ಲ. ಮುಚ್ಚಳವಿರುವ ಡಬ್ಬಿ ಒಯ್ದು, ಸರದಿ ಬರುವವರೆಗೂ ಮುಚ್ಚಿಯೇ ಇಡಬೇಕು, ಬೀಸುವ ಮುಂಚೆ ಆ ದಿನ ಕಲ್ಲಿಗೆ ಏನು ಬಿದ್ದಿದೆ ಎಂದು ಬಾಯಿಬಿಟ್ಟು ಕೇಳಬೇಕು. ಗೋಧಿಯ ಅಲರ್ಜಿ ಇದೆಯೆಂದು ವೈದ್ಯರಿಂದ ಖಚಿತಪಡಿಸಿಕೊಂಡು, ಗೋಧಿಯ ಸಣ್ಣಪುಟ್ಟ ಬೆರಕೆಯನ್ನು ತಾಳಿಕೊಳ್ಳಬಲ್ಲವರಿಗೆ ಈ ಗಿರಣಿಯನ್ನು ನಾನು ಶಿಫಾರಸು ಮಾಡುತ್ತೇನೆ. ಲವಲೇಶದಿಂದಲೇ ಆಘಾತಕ್ಕೊಳಗಾಗಿ ಅಡ್ರಿನಲಿನ್ ಚುಚ್ಚುಮದ್ದು ಪಡೆದವರಿಗೂ ಸೀಲಿಯಾಕ್ ರೋಗಿಗಳಿಗೂ ಸದ್ಯಕ್ಕೆ ಮಾಡಲಾರೆ. ನಡುವೆ ಒಂದು ಗೋಡೆ ಎದ್ದರೆ, ಹಬ್ಬದ ಹಲಗೆಯೊಂದು ಬಾಗಿಲಿಗೆ ಬಂದರೆ ಆಗ ಮತ್ತೆ ಯೋಚಿಸಬಹುದು. ಮುಂಜಾಗ್ರತೆಯಾಗಿ ದೀಪಾವಳಿಗೆ ಮುಂಚಿತವಾಗಿಯೇ ಜೋಳ ಬೀಸಿಸಿ ಇಡಿ, ಹಿಟ್ಟಿನ ಜಿಗಿ ಒಂದಿಷ್ಟು ಕಡಿಮೆಯಾದರೂ ಚಿಂತೆಯಿಲ್ಲ.